ಕೋಡಿಗಿಲ್ಲದ ಬಾಗಿಲು

ಮೊನ್ನೆ ಸಂಜೆ ಚಟ್ನಿಗೆ ಕಾಯಿ ರುಬ್ಬುತ್ತಿದ್ದಾಗ ನಮ್ಮ ಮನೆಯ ಮಿಕ್ಸಿ ಗುರ್ರೆಂದು ನಿಂತುಬಿಟ್ಟಿತು. ಬಿಸಿಯಾದ ತಂತಿ, ಕಾದ ಧೂಳು ಬೆರೆತ ವಾಸನೆ. ಕಾಯಿಚೂರು ದಪ್ಪ ಹಾಕಿದ ನನ್ನದೇ ತಪ್ಪೆಂದು ಮನೆಯವಳು ಆಗಲೇ ತೀರ್ಮಾನಿಸಿದ್ದಳು. ಆ ವಾಸನೆ ನನ್ನನ್ನು ಅರಸೀಕೆರೆಯ ಪ್ರವಾಸಿ ಮಂದಿರಕ್ಕೆ ಎಳೆದುಕೊಂಡು ಹೋಗಿತ್ತು. ಮೊದಲ ಸಲ ಕಂಪ್ಯೂಟರನ್ನು ನಾನು ಕಂಡದ್ದು, ಮೂಸಿದ್ದು ಅಲ್ಲಿ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಳೇಬೀಡಿನ ಮಗ್ಗುಲ ಬಸ್ತಿಹಳ್ಳಿಯಲ್ಲಿ, ಸಣ್ಣ ಕೆರೆಯೊಂದರ ಹಿನ್ನೀರಿನ ಅಂಚಿಗೆ ನಮ್ಮ ದೊಡ್ಡಪ್ಪನ ತೆಂಗಿನ ತೋಟ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕಲ್ಲುಗೋಡೆಗೆ ಕೋಡಿ ಅನ್ನುತ್ತಾರೆ, ನಿಮಗೂ ಗೊತ್ತಿರುತ್ತದೆ. ಅದನ್ನು ಎತ್ತರಿಸಿ ಇನ್ನಷ್ಟು ನೀರು ನಿಲ್ಲಿಸಬೇಕೆಂದು ಯೋಜನೆ ಬಂತು. ಕೆಳಗಿನ ಗದ್ದೆಯವರಿಗೆ ಸಂತೋಷ, ದೊಡ್ಡಪ್ಪನಿಗೆ ತೋಟ ಮುಳುಗುವ ಭಯ. ಅವರು ಒಪ್ಪಿಗೆಯ ಸಹಿ ಹಾಕದೆ ಕೆಲಸ ಶುರುವಾಗುವಂತಿರಲಿಲ್ಲ.

ಯೋಜನೆಯ ಎಂಜಿನಿಯರು ಚುರುಕು ಮನುಷ್ಯ. ಎಲ್ಲಿಂದಲೋ ಕಂಪ್ಯೂಟರೊಂದನ್ನು ಕಂಬಳಿಯಲ್ಲಿ ಸುತ್ತಿ ಜೀಪಿನಲ್ಲಿ ಅರಸೀಕೆರೆಯ ಪ್ರವಾಸಿ ಮಂದಿರಕ್ಕೆ ತರಿಸಿ, ದೊಡ್ಡಪ್ಪನಿಗೆ ಹೇಳಿಕಳಿಸಿದ. ಬಿ.ಎಸ್ಸಿ. ಓದುತ್ತಿದ್ದ ನಾನು ತಿಳಿದವನೆಂದು ಜೊತೆಗೆ ಹೊರಡಬೇಕಾಯಿತು. ಕಂಪ್ಯೂಟರಿನ ಚಿತ್ರವನ್ನು ಪೇಪರಿನಲ್ಲಿ ನೋಡಿದ್ದೇ ನನ್ನ ತಿಳಿವಳಿಕೆ. ಮುಖವನ್ನಂತೂ ಗಂಭೀರವಾಗಿ ಇಟ್ಟುಕೊಂಡಿದ್ದೆ.

ಕಪ್ಪು ತೆರೆಯ ಮೇಲೆ ಗೀಟೆಳೆದ ಕೆರೆ, ಕೋಡಿ, ತೋಟ. ಹಸಿರು ಚುಕ್ಕಿಗಳೇ ನೀರು. ಯಂತ್ರದೊಳಗೆ ಮಳೆ ಹೊಯ್ದಂತೆಲ್ಲ ಚುಕ್ಕಿಗಳು ಹೆಚ್ಚುತ್ತ, ತೆವಳುತ್ತ ತೋಟಕ್ಕೆ ನುಗ್ಗಿದವು. ದೊಡ್ಡಪ್ಪ ಎದ್ದು ನಿಂತರು.

"ಮುಳುಗ್ತದೆ ಅಂತ ನಿಮ್ ಯಂತ್ರವೇ ಹೇಳ್ತಲ್ಲ ಸ್ವಾಮಿ. ನಾನು ಸಹಿ ಹಾಕಾಕಿಲ್ಲ. ಹೊತ್ತು ಇಳೀತಾ ಐತೆ, ಊಟಕ್ಕೆ ಹೊರಡ್ತೀವಿ."

ನಾವು ಜೈನರು. ಹೊತ್ತು ಮುಳುಗಿದ ಮೇಲೆ ದೊಡ್ಡಪ್ಪ ಅನ್ನ ಮುಟ್ಟುತ್ತಿರಲಿಲ್ಲ. ಸ್ಟೇಷನ್ ಹತ್ತಿರದ ನೆಂಟರ ಮನೆಯಲ್ಲಿ ಉಂಡು, ನೇರ ಹಳೇಬೀಡಿನ ಬಸ್ಸು ಹತ್ತಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ದೊಡ್ಡಪ್ಪ ಪ್ರವಾಸಿ ಮಂದಿರದಲ್ಲೇ ಕೊಡೆ ಮರೆತು ಬಂದಿದ್ದರು. ತರಲು ಹೋದೆವು.

ಎಂಜಿನಿಯರು ನಗುತ್ತ ಕುರ್ಚಿ ಸರಿಸಿದ. "ಯಜಮಾನ್ರೇ, ನೀವು ಉಂಡು ಬರೋದ್ರೊಳಗೆ ಕೋಡಿಗೊಂದು ಬಾಗಿಲು ಇಟ್ಟಿದ್ದೀನಿ. ಲೆಕ್ಕ ಓಡ್ತಿರುವಾಗ್ಲೇ ತೆಗೀಬಹುದು, ಮುಚ್ಚಬಹುದು. ಈ ಗುಂಡಿ ನೀವೇ ಒತ್ತಿ ನೋಡಿ."

"ನಮ್ ಕೋಡಿ ಬರೀ ಕಲ್ಲು. ಅದಕ್ಕೆ ಬಾಗಿಲೆಲ್ಲೈತೆ?"

"ಹಾಕಿಸ್ತೀವಿ."

ದೊಡ್ಡಪ್ಪ ತೋರುಬೆರಳನ್ನು ಪಂಚೆಗೆ ಒರೆಸಿಕೊಂಡು ಒತ್ತಿದರು. ತೋಟದೊಳಗಿನ ಚುಕ್ಕಿಗಳು ಹಿಂದಕ್ಕೆ ಸರಿದವು. ಮತ್ತೆ ಒತ್ತಿದರೆ ಬಂದವು, ಇನ್ನೊಮ್ಮೆ ಒತ್ತಿದರೆ ಹೋದವು. ಜೀವಮಾನವೆಲ್ಲ ಮುಗಿಲು ನೋಡಿ ಕಾದವರು ಅವರು. ನೀರು ಒಮ್ಮೆಯೂ ಅವರ ಮಾತು ಕೇಳಿರಲಿಲ್ಲ. ಅವತ್ತು ಕೇಳಿತು. ಮಗಳ ಮದುವೆಯಲ್ಲೂ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಮಳೆ ಇನ್ನಷ್ಟು ಜೋರು ಮಾಡಿ ಸ್ವಾಮಿ" ಎಂದರು. ಎಂಜಿನಿಯರು ಮಾಡಿದ. ದೊಡ್ಡಪ್ಪ ಒತ್ತಿದರು. ನೀರು ಇಳಿಯಿತು. ಸಹಿ ಬಿತ್ತು.

ಕೋಡಿ ಎದ್ದಿತು, ಬಾಗಿಲು ಬರಲಿಲ್ಲ. ಮಳೆ ಚೆನ್ನಾಗಿ ಹಿಡಿದ ವರ್ಷ ನೀರು ತೋಟಕ್ಕೆ ನುಗ್ಗಿ ಅಲ್ಲೇ ನಿಂತಿತು. ಗರಿ ಹಳದಿಯಾದವು, ಹರಳಿನಂಥ ಎಳೆಗಾಯಿ ಉದುರಿದವು, ಕೊನೆಗೆ ಸುಳಿಯೇ ಕೊಳೆಯಿತು. ಆಫೀಸಿಗೆ ಹೋದರೆ ಆ ಎಂಜಿನಿಯರಿಗೆ ವರ್ಗವಾಗಿತ್ತು. ಅವನ ಜಾಗಕ್ಕೆ ಬಂದವನು ಕಡತ ತಿರುವಿ ತಣ್ಣಗೆ ಹೇಳಿದ: "ಬಾಗಿಲು ಕಂಪ್ಯೂಟರಿನಲ್ಲಿ ಇತ್ತೇನೋ. ಎಸ್ಟಿಮೇಟಿನಲ್ಲಿ ಇಲ್ಲ. ನೀವು ಒಪ್ಪಿಗೆ ಕೊಟ್ಟಿದ್ದೀರಲ್ಲ."

ಆ ತಣ್ಣನೆಯ ದನಿ ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಆಮೇಲೆ ದೊಡ್ಡಪ್ಪ ಜಗಲಿಯ ಕುರ್ಚಿಯಲ್ಲಿ ಕೂತು, ಅದರ ಕೈಯನ್ನು ಬೆರಳಿನಿಂದ ಒತ್ತುತ್ತಿದ್ದರು. "ಒತ್ತಿದೀನಿ ಕಣೋ. ಇಳೀತೇನೋ ನೋಡ್ಕೊಂಡು ಬಾ." ಮೊದಮೊದಲು ಎಲ್ಲರೂ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಹಾಸಿಗೆ ಹಿಡಿದ ಮೇಲೂ ಅದನ್ನೇ ಹೇಳತೊಡಗಿದಾಗ ಯಾರಿಗೂ ನಗು ಬರಲಿಲ್ಲ. ಒಳಗೊಳಗೇ ನನಗೆ ಅವರ ಮೇಲೂ ಸಿಟ್ಟಿತ್ತು. ಅಷ್ಟು ಕಿಲಾಡಿ ಮನುಷ್ಯ ಒಂದು ಗುಂಡಿಗೆ ಮರುಳಾದರಲ್ಲ ಎಂದು.

"ಮಿಕ್ಸಿ ಅಡಿಯಲ್ಲಿ ಕೆಂಪು ಗುಂಡಿ ಇರುತ್ತೆ, ಒತ್ತಿ ನೋಡ್ರೀ" ಎಂದಳು ಮನೆಯವಳು. ವೈರು ಕಿತ್ತು, ಮಿಕ್ಸಿ ಮಗುಚಿ, ಬೆರಳನ್ನು ಪಂಚೆಗೆ ಒರೆಸಿಕೊಂಡು ಒತ್ತಿದೆ. ಮತ್ತೆ ಹಾಕಿದರೆ ಓಡಿತು. ಎಂಥ ಖುಷಿಯಾಯಿತೆಂದರೆ, ಅದರೊಳಗಿದ್ದದ್ದು ನಮ್ಮ ತೋಟದ್ದಲ್ಲ, ಅಂಗಡಿಯಿಂದ ಕೊಂಡು ತಂದ ಕಾಯಿ ಎಂಬುದನ್ನೂ ಮರೆತು ನಿಂತೆ.

"ಸರಿಹೋಯ್ತಲ್ಲ, ಯಾಕೆ ಮುಖ ಹಾಗಾಯ್ತು?" ಎಂದಳು.

ಆ ಖುಷಿ ಎಂಥದೆಂದು ಎಂಜಿನಿಯರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವನು ಆ ಗುಂಡಿಯನ್ನು ದೊಡ್ಡಪ್ಪನಿಂದ ಒತ್ತಿಸಿದ್ದ.