ಒಳಗಿನ ಚಿಲಕ

ನನ್ನ ಸೋದರಮಾವ ಬಡಗಿ. ಬಾಗಿಲು ಕೂರಿಸುವುದರಲ್ಲಿ ಅವರದು ಎತ್ತಿದ ಕೈ. ಸ್ಕ್ರೂ ಕಿತ್ತ ತೂತಿಗೆ ಮರದ ಪುಡಿಯನ್ನು ಗೋಂದಿನಲ್ಲಿ ಕಲಸಿ ತುಂಬಿ, ತಿಕ್ಕಿ, ಬಣ್ಣ ಬಳಿದರೆಂದರೆ ಅಲ್ಲೊಂದು ತೂತಿತ್ತೆಂದು ಯಾರ ಕಣ್ಣಿಗೂ ಕಾಣುವುದಿಲ್ಲ. ಮೂರು ವರ್ಷದ ಹಿಂದೆ ಒಂದು ಕಾಲೇಜಿನವರು ಹೆಣ್ಣುಮಕ್ಕಳ ಹಾಸ್ಟೆಲಿನ ಕೆಲಸಕ್ಕೆ ಅವರನ್ನು ಕರೆಸಿದರು. ಹೊಸದಾಗಿ ಸೇರುವವರ ಕೋಣೆಗಳು ನಲವತ್ತು. ಅವುಗಳ ಬಾಗಿಲಿನ ಒಳಗಿನ ಚಿಲಕಗಳನ್ನೆಲ್ಲ ತೆಗೆಯಬೇಕೆಂದರು. ಯಾಕೆಂದು ಮಾವ ಕೇಳಲಿಲ್ಲ. ಹೇಳಿದ ಕೆಲಸವನ್ನು ಮರುಮಾತಿಲ್ಲದೆ ಮಾಡುವುದೇ ಅವರ ಹೆಮ್ಮೆ. ಎರಡು ದಿನದಲ್ಲಿ ಮುಗಿಸಿ ಬಂದರು.

ನನಗೆ ಕಾಲೇಜು ಹುಡುಕುವಾಗ ಮನೆಯವರೆಲ್ಲ ಅವರ ಬಾಯಿ ನೋಡಿದರು. "ಆ ಜಾಗ ನಂಗೊತ್ತು. ಒಂದು ಬಾಗಿಲಾದ್ರೂ ಸೊಟ್ಟ ಇಲ್ಲ. ಕಣ್ಮುಚ್ಕೊಂಡು ಸೇರ್ಸಿ" ಎಂದರು. ಚಿಲಕದ ವಿಷಯ ಅವರಿಗೆ ನೆನಪೇ ಆಗಲಿಲ್ಲ.

ಸೇರಿದೆ. ಅಲ್ಲಿ ಹಿರಿಯ ವಿದ್ಯಾರ್ಥಿನಿಯರು ಹೊತ್ತುಗೊತ್ತಿಲ್ಲದೆ ನನ್ನ ಕೋಣೆಗೆ ನುಗ್ಗುತ್ತಿದ್ದರು. ಒಗೆಯಲು ತಮ್ಮ ಬಟ್ಟೆ ತಂದು ಎಸೆಯುತ್ತಿದ್ದರು. ನಾನು ಉಡುಪು ಬದಲಿಸುವಾಗ ಬಾಗಿಲು ತಳ್ಳಿ ನಿಂತು ನಗುತ್ತಿದ್ದರು. ವಾರ್ಡನ್‌ಗೆ ಹೇಳಿದರೆ "ಇಲ್ಲಿ ಇದೆಲ್ಲ ಮಾಮೂಲು" ಎಂದರು. ಐದನೇ ತಿಂಗಳು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದೆ. ಅಮ್ಮ ಬಿಡದೆ ಕೇಳಿದಾಗ ಒಂದೇ ಮಾತು ಹೇಳಿದೆ: "ಒಳಗೆ ಚಿಲಕ ಇರ್ಲಿಲ್ಲ." ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮಾವ ಲೋಟ ಕೆಳಗಿಟ್ಟು ಎದ್ದು ಹೋದರು.

ಅಂದಿನಿಂದ ಅವರಿಗೊಂದು ಅಭ್ಯಾಸ ಅಂಟಿಕೊಂಡಿತು. ಎಲ್ಲಿ ಹೋದರೂ ಬಾಗಿಲಿನ ಹಿಂದೆ ಹೆಬ್ಬೆರಳು ಆಡಿಸುತ್ತಾರೆ. ಕಣ್ಣಿಗೆ ಕಾಣದ ತೂತು ಆ ಬೆರಳಿಗೆ ಸಿಗುತ್ತದೆ. ಬ್ಯಾಂಕಿನಲ್ಲಿ ಒಮ್ಮೆ ಕಾವಲಿನವನಿಂದ ಬೈಸಿಕೊಂಡದ್ದೂ ಉಂಟು. "ನಿಮ್ಮಪ್ಪಂಗೆ ಬಾಗಿಲಿನ ದೆವ್ವ ಹಿಡ್ದಿದೆ ಕಣೇ" ಎಂದು ಅತ್ತೆ ತಮ್ಮ ಮಗಳ ಮುಂದೆ ನಗುತ್ತಾರೆ. ಮಾವ ನಗುವುದಿಲ್ಲ. ನಿದ್ದೆಯಲ್ಲೂ ಅವರ ಬೆರಳು ಗೋಡೆಯ ಮೇಲೆ ಹುಡುಕುತ್ತಿರುತ್ತದಂತೆ.

ಈ ವರ್ಷ ಆ ಮಗಳ ಸರದಿ. ಬಾಯಿಗೆ ಬಿಡುವಿಲ್ಲದವಳಾದ್ದರಿಂದ ಅವಳನ್ನು ನಾವು ಕರೆಯುವುದೇ ರೇಡಿಯೋ ಎಂದು. ಅವಳು ಆರಿಸಿದ್ದು ಬೇರೊಂದು ಕಾಲೇಜು. ಜಾಗ ನೋಡಲು ಹೊರಟ ದಿನ ಮಾವ ನಮ್ಮ ಮನೆಗೆ ಬಂದು, "ನೀನೂ ಬಾ ಮಗಾ. ನಂಗೆ ನೋಡೋಕೆ ಬರಲ್ಲ" ಎಂದರು.

ಗ್ರಂಥಾಲಯ, ಮೈದಾನ ತೋರಿಸುವಾಗ ಅವರು ಕತ್ತೆತ್ತಲಿಲ್ಲ. ಹಾಸ್ಟೆಲಿನಲ್ಲಿ ಮಾತ್ರ ಒಂದೊಂದು ಬಾಗಿಲಿನ ಹಿಂದೆಯೂ ಹೋಗಿ ನಿಂತರು.

"ಅಪ್ಪ, ಓದೋಕೆ ಬರೋದು ನಾನು. ಬಾಗಿಲಿಗೆ ಯಾಕೆ ಪರೀಕ್ಷೆ?" ಎಂದು ರೇಡಿಯೋ ಗೊಣಗಿದಳು.

"ನೀನು ಸುಮ್ನಿರೇ."

ಎಲ್ಲ ಕಡೆ ಚಿಲಕವಿತ್ತು. ಆದರೂ ಅವರ ಮುಖ ಸಡಿಲವಾಗಲಿಲ್ಲ. "ಇವತ್ತು ಜನ ಬರ್ತಾರಂತ ಹಾಕ್ಸಿದ್ರೆ?" ಎಂದು ನನ್ನ ಕಿವಿಯ ಹತ್ತಿರ ಕೇಳಿದರು.

ಕೊನೆಯ ಕೋಣೆ ಮುಚ್ಚಿತ್ತು. ಜೊತೆಗಿದ್ದ ವಾರ್ಡನ್ ತಟ್ಟಿದರು.

"ತಲೆ ಬಾಚ್ತಿದೀನಿ ಮೇಡಂ, ಸ್ವಲ್ಪ ತಾಳಿ" ಎಂದಿತು ಒಳಗಿನ ದನಿ.

"ಮೊದಲ್ನೇ ವರ್ಷದವಳು, ನನ್ನೇ ಕಾಯಿಸ್ತಾಳೆ" ಎಂದು ವಾರ್ಡನ್ ನಕ್ಕು, ಗೋಡೆಗೆ ಒರಗಿ ನಿಂತರು. ನಾನು ವಾರ್ಡನ್ ಅವರ ಕೈಯನ್ನೇ ನೋಡುತ್ತಿದ್ದೆ. ಅದು ಮತ್ತೆ ಬಾಗಿಲು ಮುಟ್ಟಲಿಲ್ಲ. ಅಷ್ಟರಲ್ಲಿ ಆ ದಾರಿಯಲ್ಲಿ ಬಂದ ಹಿರಿಯ ಹುಡುಗಿಯೊಬ್ಬಳು, "ಅವಳ ಕೂದಲಿಗೆ ಅರ್ಧ ಗಂಟೆ ಬೇಕು ಮೇಡಂ, ಕುರ್ಚಿ ತರ್ಲಾ?" ಎಂದು ಕೇಳಿ ನಗುತ್ತ ಹೋದಳು.

ಮಾವ ನನ್ನ ಕಡೆ ತಿರುಗಿದರು. "ಏನಂತೀಯ?"

ಹೇಳುವ ಮೊದಲು ಎರಡು ಸಲ ಯೋಚಿಸಿದೆ. ಈ ಸಲ ತಪ್ಪಿದರೆ ಅದು ನನ್ನ ಮಾತಿನಿಂದಲೇ ಆದದ್ದಾಗುತ್ತಿತ್ತು.

"ಸೇರ್ಸಿ ಮಾವ."

ರೇಡಿಯೋ ಅರ್ಜಿ ತರಲು ಓಡಿದಳು, ಅವಳ ಹಿಂದೆ ವಾರ್ಡನ್ ಹೋದರು. ನಾವಿಬ್ಬರೇ ಉಳಿದಾಗ ಮಾವ ನೆಲ ನೋಡುತ್ತ, ಇದುವರೆಗೆ ಕೇಳದಿದ್ದದ್ದನ್ನು ಕೇಳಿದರು.

"ಅಲ್ಲಿ ಬಾಗಿಲಿಗೆ ಅಡ್ಡ ಏನಿಡ್ತಿದ್ದೆ?"

"ಮೇಜು."

"ತಡೀತಿತ್ತಾ?"

ಹೂಂ ಅನ್ನಬಹುದಿತ್ತು. ಅವರಿಗೆ ಬೇಕಾಗಿದ್ದದ್ದೂ ಅದೇ ಇರಬೇಕು.

"ಇಲ್ಲ ಮಾವ."

ಅವರು ನಿಧಾನವಾಗಿ ತಲೆಯಾಡಿಸಿದರು. ಮುಚ್ಚಿದ ಬಾಗಿಲಿನಾಚೆ ಆ ಹುಡುಗಿ ಏನೋ ಗುನುಗುತ್ತ ಇನ್ನೂ ತಲೆ ಬಾಚಿಕೊಳ್ಳುತ್ತಿದ್ದಳು.