ಏಳು ಅಕ್ಷರ, ನಡುವೆ ಗೌಡರು

ಆ ಪದಗಳು ನನ್ನವಲ್ಲ. ಏಳು ಅಕ್ಷರ ಕೊಟ್ಟರೆ ಅವುಗಳಿಂದ ಆಗುವ ಇಂಗ್ಲಿಷ್ ಪದಗಳನ್ನೆಲ್ಲ ರಾಶಿ ಸುರಿಯುವ ವೆಬ್‌ಸೈಟೊಂದು ಮೊಬೈಲಿನಲ್ಲಿ ಸಿಗುತ್ತದೆ. ಅಲ್ಲಿಂದ ಎತ್ತಿ, ನಾನೇ ಹುಡುಕಿದೆನೆಂದು ಹಿರೇಮಠ ಮಾಸ್ತರರಿಗೆ ಕಳಿಸುತ್ತಿದ್ದೆ. ಆಟದಲ್ಲಿ ಒಂದಿಷ್ಟು ಕಳ್ಳತನ, ಅದೇನು ಮಹಾ — ಅನ್ನಬಹುದು ನೀವು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅದರಿಂದ, ಅಕ್ಷರ ಕಲಿಸಿದ ಆ ಹಿರಿಯರು ತಮ್ಮ ಬುದ್ಧಿಯೇ ಕೈಕೊಟ್ಟಿತೆಂದು ನಂಬಿಬಿಟ್ಟರು.

ತಿಳವಳ್ಳಿಯ ಶಾಲೆಯಲ್ಲಿ ಅವರು ನಮ್ಮ ಇಂಗ್ಲಿಷ್ ಮಾಸ್ತರು. ಹಿರೇಕೆರೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಶನಿವಾರ ಪಾಠವಿಲ್ಲ, ಆಟ. ಬೋರ್ಡಿನ ಮೇಲೆ ಸುತ್ತಲೂ ಆರು ಅಕ್ಷರ ಬರೆದು ನಡುವೆ ಒಂದನ್ನು ಕೂರಿಸುವರು. ನಡುವಿನ ಅಕ್ಷರಕ್ಕೆ ಅವರಿಟ್ಟ ಹೆಸರು ಗೌಡರು. ಯಾವ ಪದ ಹುಡುಕಿದರೂ ಅದರಲ್ಲಿ ಗೌಡರು ಇರಲೇಬೇಕು. ಒಂದು ಶನಿವಾರ ಡಿ ಗೌಡರಾಗಿದ್ದಾಗ ಹಿಂದಿನ ಬೆಂಚಿನ ಬಸ್ಯಾ ಎದ್ದು ನಿಂತು 'ಗೇಟ್' ಎಂದು ಕೂಗಿದ.

"ಗೌಡ್ರನ್ನ ಎಲ್ಲಿ ಬಿಟ್ಟ ಬಂದಿಯೋ ಲೇ? ಗೌಡ್ರಿಲ್ದ ಪಂಚಾಯ್ತಿ ನಡದೀತೇನ?" ಅಂದರು ಮಾಸ್ತರರು. ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು.

ಅವೇ ಅಕ್ಷರಗಳಲ್ಲಿ ನಾನು 'ಗಾರ್ಡನ್' ಹುಡುಕಿದೆ. ಮಾಸ್ತರರು ಖಡು ಹಿಡಿದ ಕೈಯಲ್ಲೇ ನನ್ನ ತಲೆ ಸವರಿ, "ಗಿರಿಜಾ, ನೀ ನನ್ನ ಹುಲಿ ನೋಡವಾ" ಅಂದರು. ಅವ್ವ ಬೈದರೂ ಕೂದಲಿಗೆ ಹತ್ತಿದ ಆ ಸೀಮೆಸುಣ್ಣದ ಪುಡಿಯನ್ನು ನಾನು ಒರೆಸಿಕೊಳ್ಳಲಿಲ್ಲ. ಈಗಲೂ ನೆನೆದರೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ಮ್ಯಾಟ್ರಿಕ್ ಮುಗಿಯುವುದರೊಳಗೆ ಸವಣೂರಿಗೆ ಮದುವೆಯಾಯಿತು. ಆಮೇಲೆ ಹೊಲಿಗೆ ಮಷಿನ್ನೇ ನನ್ನ ಶಾಲೆ. ಹಲವು ವರ್ಷಗಳ ಮೇಲೆ ಯಾರಿಂದಲೋ ನಂಬರ್ ಪಡೆದು ಮಾಸ್ತರರೇ ಫೋನ್ ಮಾಡಿದರು. "ಹುಲಿ ಇನ್ನ ಐತೇನ, ಇಲ್ಲಾ ಬೆಕ್ಕ ಆಗೇತ?" ಎಂಬುದೇ ಮೊದಲ ಮಾತು. ಅಂದಿನಿಂದ ದಿನಾ ಮುಂಜಾನೆ ಮೊಬೈಲಿಗೆ ಏಳು ಅಕ್ಷರ ಬರುತ್ತಿದ್ದವು, ಹುಡುಕಿದ ಪದಗಳನ್ನು ನಾನು ಕಳಿಸುತ್ತಿದ್ದೆ. ನಿವೃತ್ತರಾದ ಮೇಲೆ ಮನೆಯ ಪಡಸಾಲೆಯಲ್ಲೇ ಓಣಿಯ ಹುಡುಗರಿಗೆ ಸಂಜೆ ಶಾಲೆ ನಡೆಸುತ್ತಿದ್ದರು; ಅದು ಮುಗಿದ ಮೇಲೆ ಫೋನಿನಲ್ಲಿ ಇಬ್ಬರ ಪದಗಳನ್ನೂ ತಾಳೆ ನೋಡುವುದು. ಅವರ ಅಣ್ಣನವರು ಕಡೆಗಾಲದಲ್ಲಿ ಹೆತ್ತ ಮಗನನ್ನೇ ಗುರುತಿಸದೆ ಹೋದವರು. ತಮಗೂ ಹಾಗಾದೀತೆಂಬ ಅಂಜಿಕೆ ಮಾಸ್ತರರಿಗಿತ್ತು, ಬಾಯಿಬಿಟ್ಟು ಹೇಳಿಕೊಂಡಿದ್ದರು. "ಈ ಆಟ ಆಡಾಕತ್ತೇನಿ ಅಂದ್ರ ನನ್ನ ತಲಿ ಇನ್ನ ನಟ್ಟಗ ಐತಿ ಅಂತ ತಿಳಕೊ" ಅನ್ನುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಅದೊಂದು ಮದುವೆ ಹಂಗಾಮು. ಮಷಿನ್ ಮುಂದೆ ಕುಬುಸಗಳ ಗುಡ್ಡ. ಸಂಜೆಯಾದರೂ ಒಂದೆರಡು ಪದ ಬಿಟ್ಟು ಏನೂ ಹೊಳೆಯಲಿಲ್ಲ. ಮಗಳು ಎಂದೋ ತೋರಿಸಿದ್ದ ಆ ವೆಬ್‌ಸೈಟು ನೆನಪಾಯಿತು. ಇದೊಂದು ಸಲ ಅಂದುಕೊಂಡು ಅಲ್ಲಿಂದ ಎತ್ತಿ ಕಳಿಸಿದೆ. ಸುಳ್ಳು ಹೇಳಲಾರೆ, ಹುಲಿ ಅನ್ನಿಸಿಕೊಳ್ಳುವ ಚಟ ಅದು. ಮಾಸ್ತರರು ಭೂತಗನ್ನಡಿ ಹಿಡಿದು ನನ್ನ ಒಂದೊಂದು ಪದವನ್ನೂ ಡಿಕ್ಷನರಿಯಲ್ಲಿ ಹುಡುಕಿದ್ದರಂತೆ. "ಶಭಾಷ್! ನಾ ಕೇಳೇ ಇಲ್ದ ಪದ ಅವು, ಎಲ್ಲಾ ಅದಾವ ನೋಡು!" ಎಂದು ಕುಣಿದಾಡಿದರು. ಮರುದಿನವೂ ಕಳಿಸಿದೆ. ಅದರ ಮರುದಿನವೂ. ದಿನ ಕಳೆದಂತೆ ಅವರ ಶಭಾಷ್ ಸಣ್ಣದಾಗುತ್ತ ಬಂತು. ನನ್ನ ಕಿವಿಗೆ ಅದು ಕೇಳಿಸಲೇ ಇಲ್ಲ.

ಒಂದು ಸಂಜೆ ಅಂದರು, "ಗಿರಿಜಾ, ಸಾಕವಾ. ನಿನಗ ಕಾಣೂದು ನನಗ ಕಾಣವಲ್ದು. ಅಣ್ಣಗೂ ಹಿಂಗ ಸುರುವಾಗಿತ್ತು."

ನಿಜ ಹೇಳಲು ಅದೇ ಗಳಿಗೆ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ನಾನು ಹೇಳಿದ್ದು ಬೇರೆ: "ವಯಸ್ಸಾದ ಮ್ಯಾಲ ಎಲ್ಲಾರಿಗೂ ಹಂಗ ಆಗತೈತ್ರಿ ಸರ, ಚಿಂತಿ ಮಾಡಬ್ಯಾಡ್ರಿ." ಸಮಾಧಾನ ಹೇಳಿದೆನಂತೆ ನಾನು! ಥೂ.

ಮರುದಿನ ಅಕ್ಷರ ಬರಲಿಲ್ಲ. ಕೆಲಸ ಕಡಿಮೆಯಾಯಿತೆಂದು ಹಗುರವೂ ಆಯಿತು — ಅದನ್ನೂ ಬರೆಯಬೇಕಲ್ಲ.

ಎರಡು ವರ್ಷ ಹಾಗೇ ಹೋದವು. ಈಚೆಗೆ ಬಂಕಾಪುರದ ಮದುವೆಯೊಂದರಲ್ಲಿ ಮಾಸ್ತರರ ಸೊಸೆ ಪಂಕ್ತಿಯಲ್ಲಿ ನನ್ನ ಪಕ್ಕ ಕೂತರು. "ಮಾವಾರು ಸಂಜೀ ಶಾಲಿ ಬಿಟ್ಟಾರ್ರೀ. ಓಣಿ ಹುಡುಗರು ಬಂದ್ರ, ನನಗ ತಲಿ ಇಲ್ಲ ಅಂತ ವಾಪಸ್ ಕಳಿಸಿದ್ರು. ಡಾಕ್ಟರು ಏನೂ ಆಗಿಲ್ಲ ಅಂದ್ರೂ ನಂಬೂದಿಲ್ಲ. ದಿನಾ ಗ್ವಾಡಿ ನೋಡಕೋತ ಕುಂದರತಾರ" ಅಂದರು. ಆ ಶಾಲೆಯೇ ಅವರ ಉಸಿರೆಂದು ನನಗೆ ತಿಳಿಯದ್ದೇ? ಎಲೆಯ ಮೇಲಿನ ಹೋಳಿಗೆ ಹಾಗೇ ಉಳಿಯಿತು.

ಆ ಭಾನುವಾರ ಹಿರೇಕೆರೂರಿಗೆ ಹೋದೆ. ಪಡಸಾಲೆಯಲ್ಲಿ ಕೂತಿದ್ದರು. ಕಾಲು ಹಿಡಿದು ಎಲ್ಲವನ್ನೂ ಹೇಳಿದೆ. ಬಯ್ಯಲಿಲ್ಲ. ಇಷ್ಟೇ ಕೇಳಿದರು:

"ಹಂಗಾರ ಆವಾಗ ನನ್ನ ತಲಿ ಛಲೋನ ಇತ್ತಾ?"

"ಇತ್ರಿ ಸರ. ಭಾಳ ಛಲೋ ಇತ್ರಿ."

ಎದ್ದು ಹೊರಗೆ ಹೋದರು. ಓಣಿಯ ಮನೆಮನೆಯ ಬಾಗಿಲಲ್ಲಿ ನಿಂತು, ಹುಡುಗರನ್ನು ಕಳಿಸ್ತೀರೇನು ಎಂದು ಕೇಳುವುದು ಒಳಗೆ ಕೂತ ನನಗೆ ಕೇಳಿಸಿತು. ಹುಡುಗರು ಈಗ ಬಜಾರದ ಟ್ಯೂಷನ್ನಿಗೆ ಹೋಗುತ್ತಾರಂತೆ. ಒಬ್ಬರೇ ತಿರುಗಿ ಬಂದರು. ಧೋತರದ ಚುಂಗಿನಿಂದ ಪಡಸಾಲೆಯ ಗೋಡೆಯ ಬೋರ್ಡಿನ ಧೂಳು ಒರೆಸಿ, ಸುತ್ತಲೂ ಆರು ಅಕ್ಷರ ಬರೆದರು, ನಡುವೆ ಗೌಡರನ್ನು ಕೂರಿಸಿದರು.

"ಕುಂದರು," ಅಂದರು. ಹುಲಿ ಅನ್ನಲಿಲ್ಲ.

ಮೊಬೈಲನ್ನು ಅವರ ಮುಂದಿಟ್ಟು ನೆಲದ ಮೇಲೆ ಕೂತೆ. ಹೊತ್ತು ಇಳಿಯುವವರೆಗೂ ಹುಡುಕಿದೆ. ಸಿಕ್ಕಿದ್ದು ಐದು ಪದ. ಆ ಐದನ್ನೇ ಎದ್ದು ನಿಂತು ಓದಿದೆ.