ಇಳಿಸದೆ ಬಿಗಿದ ಬೋಲ್ಟು

ಅಂದು ಬನಶಂಕರಿ ಎರಡನೇ ಹಂತದ ಆ ಮನೆಯ ಪೋರ್ಟಿಕೋದಲ್ಲಿ ಇದ್ದವರು ಮೂವರು — ಕಾರಿನ ಒಡತಿ ವಿಶಾಲಕ್ಕ, ಅವರ ತಮ್ಮ ರಾಮು, ಮತ್ತು ನಾನು. ಸುಳ್ಳು ಹೇಳಿದವನು ನಾನು. ಉದ್ದನೆಯ ಸುಳ್ಳೇನಲ್ಲ, ‘ಹೂಂ ಅಕ್ಕ’ ಎಂದೆ, ಅಷ್ಟೇ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನ ಸುಳ್ಳಿಗೆ ನಾಲ್ಕು ಚಕ್ರಗಳಿದ್ದವು. ಅದು ಇಟ್ಟಮಡುವಿನ ಇಳಿಜಾರಿನವರೆಗೂ ಹೋಗಿಬಂತು.

ವಿಶಾಲಕ್ಕ ನಮ್ಮ ಎದುರುಮನೆಯವರು. ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಎಪ್ಪತ್ತು ದಾಟಿದ ಮೇಲೂ ತಮ್ಮ ಹಳೆಯ ಪದ್ಮಿನಿ ಕಾರನ್ನು ತಾವೇ ಓಡಿಸುತ್ತಿದ್ದರು. ವಾರಕ್ಕೊಮ್ಮೆ ಸುಬ್ರಹ್ಮಣ್ಯಪುರದಲ್ಲಿದ್ದ ಗೆಳತಿಯ ಮನೆಗೆ ಹೋಗಿ ಚೌಕಾಬಾರ ಆಡಿ, ಗೆದ್ದು ಬರುತ್ತಿದ್ದರು. ಸೋತ ದಿನ ಎಲ್ಲಿಗೆ ಹೋಗಿದ್ದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ.

ಆ ಕಾರಿನ ಮುಂಭಾಗ ಸವೆದು, ಗುಂಡಿಗೊಂದು ಸಲ ಲೊಟಲೊಟ ಎನ್ನತೊಡಗಿದಾಗ ಬಿಚ್ಚಿ ಹೊಸದಾಗಿ ಕಟ್ಟುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಕಾಲ ಕಳೆದವನು. ಬೀದಿಯವರೆಲ್ಲ ‘ಕಾರು ಅಂದ್ರೆ ಗೋಪಿ’ ಎನ್ನುತ್ತಿದ್ದರು. ಆ ಮಾತು ನನಗೂ ರುಚಿಸಿತ್ತು.

ಚಕ್ರವನ್ನು ಹಿಡಿದ ತೋಳುಗಳು ಕಾರಿನ ಮೈಗೆ ಸೇರುವ ಕಡೆ ‘ಬುಷ್’ ಎಂಬ ಬಳೆಯಂಥ ಮೆತ್ತೆ ಇರುತ್ತದೆ. ರಸ್ತೆಯ ಪೆಟ್ಟನ್ನು ಮೊದಲು ತಿನ್ನುವುದು ಅದೇ. ಎರಡು ಬಗೆ ತಂದು ದಿನಪತ್ರಿಕೆಯ ಮೇಲೆ ಇಟ್ಟೆ — ಹಳೆಯ ಮಾದರಿಯ ಕಪ್ಪು ರಬ್ಬರು, ಮತ್ತು ಈಗಿನ ಹುಡುಗರು ಮೆಚ್ಚುವ ಕೆಂಪು ಪಾಲಿ ಬುಷ್, ಪ್ಲಾಸ್ಟಿಕ್ಕಿನಂತೆ ಗಟ್ಟಿಯದು. ನನ್ನ ಮನಸ್ಸು ಕೆಂಪಿನ ಮೇಲಿತ್ತು.

ವಿಶಾಲಕ್ಕ ಎರಡನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿ, ಕೆಂಪನ್ನು ಎತ್ತಿ ಹಿಡಿದರು.

“ಇದೇನೋ ಇದು, ಹಳೇ ಕೋಡುಬಳೆ ಥರ ಇದೆ!”

“ತುಂಬ ವರ್ಷ ಬಾಳಿಕೆ ಬರುತ್ತೆ ಅಕ್ಕ. ಸ್ಟೇರಿಂಗ್ ಸಖತ್ ಟೈಟಾಗಿರುತ್ತೆ.”

“ನಾನೇನು ರೇಸಿಗೆ ಹೋಗ್ತೀನಾ? ನೋಡು, ಗುಂಡಿ ಬಂದ್ರೆ ಯಾರಾದ್ರೂ ಒಬ್ರು ಸಹಿಸ್ಕೋಬೇಕು. ರಬ್ಬರ್ ಸಹಿಸ್ಕೊಳ್ಳಲಿ. ನನ್ನ ಬೆನ್ನು ಈಗಾಗ್ಲೇ ಸಾಕಷ್ಟು ಸಹಿಸ್ಕೊಂಡಿದೆ.”

ರಬ್ಬರೇ ಎಂದು ತೀರ್ಮಾನವಾಯಿತು. ಸೋತವನಂತೆ ನಾನು ಒಂದು ಎಚ್ಚರಿಕೆ ಕೊಟ್ಟೆ. ಗಟ್ಟಿ ಬುಷ್ ತನ್ನೊಳಗೇ ತಿರುಗುತ್ತದೆ, ಅದನ್ನು ಹೇಗೆ ಬಿಗಿದರೂ ನಡೆಯುತ್ತದೆ. ರಬ್ಬರಿನದು ಹಾಗಲ್ಲ, ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ, ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಆದ್ದರಿಂದ ಕಾರನ್ನು ನೆಲಕ್ಕಿಳಿಸಿ, ಪೂರ್ತಿ ಭಾರ ಚಕ್ರಗಳ ಮೇಲೆ ಕೂತ ಮೇಲೆಯೇ ಕೊನೆಯ ಬೋಲ್ಟು ಬಿಗಿಯಬೇಕು. ಮೇಲೆತ್ತಿದ ಕಾರಿಗೆ ಬಿಗಿದರೆ — ಕತ್ತು ಓರೆ ಮಾಡಿಕೊಂಡೇ ಇಡೀ ದಿನ ನಿಂತ ಮನುಷ್ಯನ ಹಾಗೆ. ರಬ್ಬರು ಬೇಗ ಹರಿಯುತ್ತದೆ.

ನೋಡಿ, ಇದನ್ನು ಹೇಳಿಕೊಟ್ಟವನು ನಾನೇ. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಮುಗಿಸಬೇಕಾಗಿದ್ದು ಒಂದು ಶುಕ್ರವಾರ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ರಾಮು ಬೆಳಿಗ್ಗೆಯಿಂದ ನಿಂಬೆಹಣ್ಣು ಹಿಡಿದುಕೊಂಡು ನನ್ನ ತಲೆಯ ಮೇಲೇ ನಿಂತಿದ್ದ.

“ಗೋಪಿ, ಹತ್ತೂವರೆ ಒಳಗೆ ಗಾಡಿ ಗೇಟು ದಾಟ್‌ಬೇಕು. ರಾಹುಕಾಲದಲ್ಲಿ ಸ್ಪ್ಯಾನರ್ ಮುಟ್ಟಿದ್ರೆ ನೋಡು, ಅಕ್ಕ ಓಡಿಸೋ ಗಾಡಿ ಇದು!”

ಹೊತ್ತು ಮೀರುತ್ತಿತ್ತು. ಇಳಿಸಿ, ಮತ್ತೆ ಅಡಿಗೆ ತೆವಳಿ, ಇಷ್ಟಿಷ್ಟೇ ಜಾಗದಲ್ಲಿ ಕೈಯಾಡಿಸಿ… ನನ್ನ ಹೊಟ್ಟೆಯೂ ಸಣ್ಣದೇನಲ್ಲ. ವಿಶಾಲಕ್ಕ ಕುಂಕುಮ ತರಲು ಒಳಗೆ ಹೋಗಿದ್ದರು. ಕಾರು ಇನ್ನೂ ಸ್ಟ್ಯಾಂಡಿನ ಮೇಲೆ, ಚಕ್ರಗಳು ಗಾಳಿಯಲ್ಲಿ. ನಾನು ಎಲ್ಲ ಬೋಲ್ಟುಗಳನ್ನೂ ಹಾಗೇ ಬಿಗಿದುಬಿಟ್ಟೆ. ನಾಳೆ ಸಡಿಲಿಸಿ ಮತ್ತೆ ಬಿಗಿದರಾಯಿತು ಎಂದುಕೊಂಡೆ. ಆ ನಾಳೆ —

ವಿಶಾಲಕ್ಕ ಕುಂಕುಮದ ಬಟ್ಟಲು ಹಿಡಿದು ಬರುವಷ್ಟರಲ್ಲಿ ಕಾರು ನೆಲದ ಮೇಲಿತ್ತು.

“ಗೋಪಿ, ನೆಲಕ್ಕಿಳಿಸಿ, ಭಾರ ಕೂರಿಸಿ, ಆಮೇಲೆ ತಾನೇ ಬಿಗಿ ಮಾಡಿದ್ದು?”

“ಹೂಂ ಅಕ್ಕ.”

ರಾಮು ಎಲ್ಲವನ್ನೂ ನೋಡಿದ್ದ. ಅವನಿಗೆ ಅದರ ಅರ್ಥ ಗೊತ್ತಿರಲಿಲ್ಲ. ಅವನಿಗೆ ಬೇಕಿದ್ದುದು ಗಡಿಯಾರ. ನಿಂಬೆಹಣ್ಣು ಚಕ್ರದಡಿ ಚಪ್ಪಟೆಯಾಯಿತು. ಕಾರು ಗೇಟು ದಾಟಿತು.

ಕೆಲವೇ ದಿನಗಳಲ್ಲಿ ವಿಶಾಲಕ್ಕ, “ಇದ್ಯಾಕೋ ಮೂತಿ ಎತ್ಕೊಂಡು ನಿಂತಿದೆ” ಎಂದರು. “ಹೊಸ ಸಾಮಾನು ಅಕ್ಕ, ಕೂತ್ಕೊಳ್ಳುತ್ತೆ” ಎಂದೆ. ಆಗಲೂ ಸರಿಪಡಿಸಬಹುದಿತ್ತು. ಆದರೆ ಸರಿಪಡಿಸುವುದೆಂದರೆ ಒಪ್ಪಿಕೊಳ್ಳುವುದು — ಕಾರು ಅಂದ್ರೆ ಗೋಪಿ ಅಲ್ಲವೇ!

ಮಳೆಗಾಲ ಕಳೆಯುವ ಹೊತ್ತಿಗೆ ಬ್ರೇಕು ಒತ್ತಿದಾಗ ಕಾರು ಎಡಕ್ಕೆ ಎಳೆಯತೊಡಗಿತು. ಇಟ್ಟಮಡುವಿನ ಇಳಿಜಾರಿನಲ್ಲಿ ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ. ಮುಂದೆ ಬಸ್ಸು ನಿಂತಿತು, ಅವರು ಬ್ರೇಕು ಒತ್ತಿದರು, ಕಾರು ಸೊಟ್ಟಗೆ ಹೋಗಿ ಎಳನೀರಿನ ಗಾಡಿಗೆ ಮುತ್ತಿಟ್ಟಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಎಳನೀರುಗಳು ಮಾತ್ರ ಶಾಲೆ ಬಿಟ್ಟ ಮಕ್ಕಳ ಹಾಗೆ ಇಳಿಜಾರಿನುದ್ದಕ್ಕೂ ಓಡಿದವು.

“ಏನಜ್ಜಿ, ಈ ವಯಸ್ಸಲ್ಲಿ ನಿಮಗ್ಯಾಕೆ ಸ್ಟೇರಿಂಗು? ಮನೇಲಿ ಜಪ ಮಾಡ್ಕೊಂಡು ಇರ್ಬಾರ್ದಾ?” ಎಂದು ಗಾಡಿಯವನು ಕೂಗಾಡಿದ.

ತರಗತಿಯ ತುಂಬ ಹುಡುಗರನ್ನು ಕಣ್ಣಲ್ಲೇ ಕೂರಿಸುತ್ತಿದ್ದ ವಿಶಾಲಕ್ಕ ಅಂದು ಕಣ್ಣು ತಗ್ಗಿಸಿದರು. ಮನೆಗೆ ಬಂದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕುಳಿತರು.

“ಕೈ ಸೋತಿದೆ ಕಣೋ ಗೋಪಿ. ನೇರ ಹಿಡಿದಿದ್ದೀನಿ ಅಂತಲೇ ಅನ್ನಿಸ್ತು… ಹಿಡಿದಿರ್ಲಿಲ್ಲ ಅಂತ ಕಾಣುತ್ತೆ.”

ರಬ್ಬರು ಹರಿದಿದೆ, ತೋಳು ಜರುಗುತ್ತಿದೆ ಎಂದು ಇಳಿಜಾರಿನಲ್ಲೇ ನನಗೆ ಗೊತ್ತಾಗಿತ್ತು. ಅವರ ಕೈ ನೇರವಾಗಿಯೇ ಇತ್ತು, ನಾನು ನೋಡಿದ್ದೆ. ಬಾಯಿ ತೆರೆದೆ. ಬಂದ ಮಾತು ಇದು:

“ವಯಸ್ಸಾಯ್ತಲ್ಲ ಅಕ್ಕ.”

ಆ ‘ಹೂಂ’ಗಾದರೂ ರಾಹುಕಾಲದ ಅವಸರವಿತ್ತು. ಇದಕ್ಕೆ ಏನಿತ್ತು? ಯಾರೂ ಅವಸರಪಡಿಸಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಕಾಫಿ ಕೈಯಲ್ಲಿತ್ತು. ಅವರು ಬೀಗದ ಕೈಯನ್ನು ರಾಮುವಿಗೆ ಕೊಟ್ಟರು. ಕಾರಿಗೆ ಹೊದಿಕೆ ಬಿತ್ತು.

ಎರಡು ವರ್ಷ. ಸುಬ್ರಹ್ಮಣ್ಯಪುರದ ಚೌಕಾಬಾರ ನಿಂತಿತು. ಆಟೋದಲ್ಲಿ ಒಂದೆರಡು ಸಲ ಹೋದರು, ಬೆನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಆ ಗೆಳತಿ ಮನೆ ಖಾಲಿ ಮಾಡಿ ಹುಬ್ಬಳ್ಳಿಯ ಮಗಳ ಮನೆಗೆ ಹೊರಟುಹೋದರು. ಬೀಳ್ಕೊಡಲೂ ವಿಶಾಲಕ್ಕನಿಗೆ ಹೋಗಲಾಗಲಿಲ್ಲ. ಅದನ್ನು ನಾನು ಯಾವ ಸ್ಪ್ಯಾನರಿನಿಂದಲೂ ಸರಿಮಾಡಲಾರೆ.

ಹೋದ ತಿಂಗಳು ಅವರನ್ನು ಜಯನಗರದ ಕಣ್ಣಿನ ಡಾಕ್ಟರ ಬಳಿಗೆ ಆಟೋದಲ್ಲಿ ಕರೆದೊಯ್ಯುತ್ತಿದ್ದೆ. ಎಲ್ಲಿಯೋ ನೋಡುತ್ತಿದ್ದವನ ಕಣ್ಣು ಅವರ ಪಾದದ ಮೇಲೆ ಬಿತ್ತು. ಅಡ್ಡ ಬಂದ ಬೈಕು, ಇದ್ದಕ್ಕಿದ್ದಂತೆ ನಿಂತ ವ್ಯಾನು — ಪ್ರತಿಯೊಂದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಆಟೋದವನಿಗಿಂತ ಮೊದಲೇ. ಆ ಕಾಲಿಗೆ ವಯಸ್ಸಾಗಿರಲಿಲ್ಲ.

ಆಟೋದವನೂ ಕನ್ನಡಿಯಲ್ಲಿ ನೋಡಿದ್ದ. “ಅಮ್ಮ, ನೆಲ ತೂತಾದ್ರೆ ನೀವೇ ಜವಾಬ್ದಾರಿ! ಬೇಕಾದ್ರೆ ಮುಂದೆ ಬನ್ನಿ, ನೀವೇ ಓಡ್ಸಿ.”

ವಿಶಾಲಕ್ಕ ನಕ್ಕರು. ನಾಚಿ, ಕಾಲನ್ನು ಹಿಂದಕ್ಕೆಳೆದುಕೊಂಡರು. ಹಾಗೆ ಎಳೆದುಕೊಂಡದ್ದನ್ನು ನನಗೆ ನೋಡಲಾಗಲಿಲ್ಲ. ಅಲ್ಲೇ, ಆಟೋದ ಗದ್ದಲದ ನಡುವೆ, ಎಲ್ಲವನ್ನೂ ಹೇಳಿಬಿಟ್ಟೆ. ಗಾಳಿಯಲ್ಲಿ ಬಿಗಿದದ್ದು, ಹೂಂ ಎಂದದ್ದು, ಹರಿದದ್ದು ಗೊತ್ತಿದ್ದೂ ವಯಸ್ಸಿನ ಮಾತಾಡಿದ್ದು.

ಬೈಯಲಿ ಎಂದು ಕಾದೆ.

“ಹರಿದಿದ್ದು ಎಡಗಡೇದಾ?”

“ಹೂಂ ಅಕ್ಕ.” ಈ ಸಲದ್ದು ನಿಜದ ಹೂಂ.

“ಅಂದ್ರೆ… ನನ್ನ ಕೈ ಅಲ್ಲ.”

“ನಿಮ್ಮ ಕೈ ಅಲ್ಲ ಅಕ್ಕ.”

ಅವರು ಎರಡೂ ಕೈಗಳನ್ನು ಮುಂದೆ ಚಾಚಿ, ಬೆರಳು ಬಿಚ್ಚಿ, ಮುಚ್ಚಿ ನೋಡಿದರು. ಕಳೆದುಹೋಗಿದ್ದ ಬಳೆ ಸಿಕ್ಕವರ ಮುಖ ಹೇಗಿರುತ್ತದೋ ಹಾಗಿತ್ತು ಆ ಮುಖ. ನನ್ನ ಎದೆಯಿಂದ ಕಲ್ಲು ಇಳಿದದ್ದು ನಿಜ, ಮುಚ್ಚಿಡುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕಲ್ಲು ಅವರ ಎದೆಯ ಮೇಲಿತ್ತು, ಇಟ್ಟವನು ನಾನು.

ಡಾಕ್ಟರ ಬಾಗಿಲಲ್ಲಿ ಇಳಿಯುವಾಗ ಹೇಳಿದರು, “ಭಾನುವಾರ ಸ್ಪ್ಯಾನರ್ ತಗೊಂಡು ಬಾ. ಅದೇ ಥರ ಹೊಸ ರಬ್ಬರ್. ಸರಿಯಾಗಿ ನಾಲ್ಕೂವರೆಗೆ.”

“ಅಕ್ಕ, ಭಾನುವಾರ ನಾಲ್ಕೂವರೆ ಅಂದ್ರೆ ರಾಹುಕಾಲ—”

“ಅದಕ್ಕೇ.”

ಹಳೆಯದನ್ನು ಭಾನುವಾರ ಬೆಳಿಗ್ಗೆಯೇ ಹೋಗಿ ಬಿಚ್ಚಿದೆ. ಎಡಗಡೆಯ ರಬ್ಬರು ಕೈಗೆ ಬಂದಾಗ ಹಳೆಯ ಚಪ್ಪಲಿಯ ಹಾಗೆ ಬಾಯಿ ಬಿಟ್ಟಿತ್ತು. ಸಂಜೆ ಹೊಸ ರಬ್ಬರು ಹಾಕಿ, ಚಕ್ರಗಳ ಕೆಳಗೆ ದಪ್ಪ ಹಲಗೆ ಕೊಟ್ಟು ಕಾರನ್ನು ಇಳಿಸಿ, ಭಾರ ಕೂರಿಸಿದೆ. ವಿಶಾಲಕ್ಕ ಡ್ರೈವರ್ ಸೀಟಿನಲ್ಲಿ ಕುಳಿತೇ ಇದ್ದರು — “ನನ್ನ ಭಾರವೂ ಸೇರ್ಲಿ.” ನಾನು ಅಡಿಯಲ್ಲಿ ಮಲಗಿ ಒಂದೊಂದೇ ಬೋಲ್ಟು ಬಿಗಿದೆ. ರಾಮು ಗೇಟಿನ ಆಚೆ ನಿಂತು, “ನಾನು ನೋಡ್ಲಿಲ್ಲಪ್ಪ, ನಂಗೊತ್ತಿಲ್ಲ” ಎನ್ನುತ್ತಿದ್ದ.

ಆಮೇಲೆ ನಡೆದದ್ದು ಇಷ್ಟು. ವಿಶಾಲಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಬಯಲಿನ ಖಾಲಿ ಜಾಗದಲ್ಲಿ ನಾಲ್ಕಾರು ಸಲ ಬ್ರೇಕು ಒತ್ತಿ ನೋಡಿದರು. ಕಾರು ಗೆರೆ ಎಳೆದ ಹಾಗೆ ನಿಂತಿತು. ಬಳಿಕ ನೇರ ಇಟ್ಟಮಡುವಿನ ಇಳಿಜಾರಿಗೆ. ಅದೇ ಎಳನೀರಿನ ಗಾಡಿ, ಅದೇ ಮನುಷ್ಯ. ಕಾರನ್ನು ಗುರುತಿಸಿ ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡ. ಗಾಡಿಗೆ ಒಂದು ಮಾರು ಮೊದಲೇ ಕಾರು ನಿಂತಿತು. ಅವರು ಒಂದೇ ಎಳನೀರು ಕೊಚ್ಚಿಸಿಕೊಂಡು, ಸೀಟಿನಲ್ಲಿ ಕುಳಿತೇ ನಿಧಾನವಾಗಿ ಕುಡಿದರು. ನನಗೆ ಬೇಕಾ ಎಂದು ಕೇಳಲಿಲ್ಲ.

ಬುರುಡೆ ಕೊಟ್ಟು, ಬಾಯಿ ಒರೆಸಿಕೊಂಡು, “ಗೋಪಿ, ಇಳಿ” ಎಂದರು.

“ಅಕ್ಕ?”

“ನಡ್ಕೊಂಡು ಬಾ. ನಿಂಗೂ ವಯಸ್ಸಾಯ್ತಲ್ಲ, ಒಳ್ಳೇದು.”

ಇಳಿದೆ. ಕಾರು ಮುಂದೆ ಹೋಯಿತು. ತಿರುವಿನಲ್ಲಿ ಹಿಂದಿನ ಕೆಂಪು ದೀಪಗಳು ಒಮ್ಮೆ ಹೊತ್ತಿದವು. ಒಂದು ಹಸು ನಿಧಾನವಾಗಿ ರಸ್ತೆ ದಾಟಿತು. ದೀಪ ಆರಿತು, ಕಾರು ನೇರವಾಗಿ ಹೋಯಿತು. ನಾನು ಮನೆಯವರೆಗೆ ನಡೆದೇ ಬಂದೆ.